ಇನ್ನೂ ಮೂವತ್ತೇಳು ಸೆಕೆಂಡು ಬೇಕು

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಉಪ್ಪುಖಾರ ಹಚ್ಚಿ ಹೇಳುವ ಕಲೆ ಈ ಲೇಖನದಲ್ಲಿ ಬರುವ ಒಬ್ಬ ಹೆಂಗಸಿಗೆ ಮಾತ್ರ ಗೊತ್ತಿತ್ತು. ಆಕೆ ಈಗ ಮಾತಾಡುವುದಿಲ್ಲ.

ಬೆಳಗಿನ ಐದೂವರೆ. ಷಟರನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ, ಐವತ್ನಾಲ್ಕರ ಬೆನ್ನನ್ನು ಎರಡು ಕಂತಿನಲ್ಲಿ ಬಗ್ಗಿಸಿ ಗಂಡಸೊಬ್ಬರು ಒಳಗೆ ನುಸುಳುತ್ತಾರೆ. ಹನ್ನೊಂದು ಮೆಟ್ಟಿಲು ಇಳಿದರೆ ನೆಲಮಾಳಿಗೆ, ಅಲ್ಲೊಂದು ವಿಡಿಯೊ ಎಡಿಟಿಂಗ್ ಅಂಗಡಿ. ಟ್ಯೂಬ್‌ಲೈಟ್ ಹಾಕುವುದಿಲ್ಲ, ಅದು ಗುಂಯ್‌ಗುಡುತ್ತದೆ. ಫ್ಯಾನ್ ಹಾಕುವುದಿಲ್ಲ, ಅದು ಕಿರುಗುಟ್ಟುತ್ತದೆ. ಕೂತ ಮೇಲೆ ಅಲ್ಲಾಡುವುದೂ ಇಲ್ಲ, ಏಕೆಂದರೆ ಆ ಕುರ್ಚಿಗೂ ಹೇಳಿಕೊಳ್ಳಲು ಬೇಕಾದಷ್ಟಿದೆ. ಹೆಡ್‌ಫೋನಿನ ಎಡಗಿವಿಯ ಮೆತ್ತೆ ಹರಿದುಹೋಗಿ ಅದಕ್ಕೆ ಹಳೆಯ ಕಾಲುಚೀಲದ ತುಂಡು ಹೊಲಿದಿದೆ. ಅದನ್ನೇ ನನಗೆ ಕೊಡುತ್ತಾ, "ಹೆದರ್ಬೇಡಿ, ಒಗೆದದ್ದೇ" ಅನ್ನುತ್ತಾರೆ.

ನಾನು ಪಕ್ಕದ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೇನೆ. "ಉಸಿರಾಡಿ, ತೊಂದ್ರೆ ಇಲ್ಲ. ಮೂಗಿಂದ ಮಾತ್ರ."

ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಿವಿಯಣ್ಣ ಎಂದು. ಹನ್ನೊಂದು ವರ್ಷಗಳ ಹಳೆಯ ರೆಕಾರ್ಡಿಂಗುಗಳು ಇಲ್ಲಿ ಹದಿನಾಲ್ಕು ಹಾರ್ಡ್ ಡಿಸ್ಕುಗಳಲ್ಲಿವೆ. ಏಳು ತಿಂಗಳಿಂದ ದಿನಾ ಬೆಳಗ್ಗೆ, ಉಳಿದವರು ಬರುವ ಮುಂಚೆ, ಕಿವಿಯಣ್ಣ ಅವನ್ನು ಒಂದೊಂದಾಗಿ ಕೇಳುತ್ತಿದ್ದಾರೆ. ಹುಡುಕುತ್ತಿರುವುದು ತಮ್ಮ ಹೆಂಡತಿಯ ಧ್ವನಿಯನ್ನು. ಒಂದು ನಿಮಿಷ ಸ್ವಚ್ಛವಾದ ಮಾತು ಬೇಕು. ಮೊನ್ನೆಯವರೆಗೆ ಸಿಕ್ಕಿದ್ದು ಇಪ್ಪತ್ತಮೂರು ಸೆಕೆಂಡು.

ಅವರ ಕೆಲಸ ಏನೆಂದು ಮೊದಲು ಹೇಳಿಬಿಡಬೇಕು, ಯಾಕೆಂದರೆ ಅದೊಂದು ಕೆಲಸ ಎಂದೇ ಯಾರಿಗೂ ಗೊತ್ತಿಲ್ಲ. ವಿಡಿಯೊ ತೆಗೆಯುವವನಿಗೆ ಹೆಸರಿದೆ, ಕತ್ತರಿಸಿ ಜೋಡಿಸುವವನಿಗೂ ಇದೆ. ಎಲ್ಲ ಮುಗಿದ ಮೇಲೆ ಅದನ್ನು ಒಂದು ಫೈಲಾಗಿ ಹೊರಗೆ ಕಳಿಸುವಾಗ, ಅಂದರೆ ಎಕ್ಸ್‌ಪೋರ್ಟ್ ಮಾಡುವಾಗ, ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ "ಆಡಿಯೊ" ಅಂತೊಂದು ಮೂಲೆ. ಎಲ್ಲರೂ ಅದನ್ನು ದಾಟಿ ಸೀದಾ ಓಕೆ ಒತ್ತುತ್ತಾರೆ. ಕಿವಿಯಣ್ಣನ ಸಂಸಾರ ಇರುವುದು ಆ ಮೂಲೆಯಲ್ಲಿ.

"ಅಲ್ಲಿ ನಾಲ್ಕೇ ಪ್ರಶ್ನೆ," ಎಂದು ಬೆರಳು ಮಡಚುತ್ತಾರೆ. "ಯಾವ ಫಾರ್ಮ್ಯಾಟು? ಅಂದ್ರೆ ಯಾವ ಡಬ್ಬಿಗೆ ಹಾಕ್ತೀಯ ಅಂತ. ಸ್ಯಾಂಪಲ್ ರೇಟ್ ಎಷ್ಟು? ಅಂದ್ರೆ ಸದ್ದನ್ನ ಸೆಕೆಂಡಿಗೆ ಎಷ್ಟು ಸಲ ಫೋಟೊ ತೆಗೀತೀಯ ಅಂತ. ವಿಡಿಯೊಗೆ ನಲವತ್ತೆಂಟು ಸಾವಿರ ಸಲ. ಬಿಟ್ ರೇಟ್ ಎಷ್ಟು? ಇದು ಮನೆ ಖಾಲಿ ಮಾಡೋವಾಗ ಲಾರಿ ಕರೀತೀವಲ್ಲ, ಹಾಗೆ. ದೊಡ್ಡ ಲಾರಿ ಆದ್ರೆ ಎಲ್ಲ ಸಾಮಾನು ಹಿಡಿಯುತ್ತೆ. ಚಿಕ್ಕದಾದ್ರೆ ಏನೋ ಬಿಟ್ಟು ಬರ್ಬೇಕು. ಮೊದಲು ಬಿಟ್ಟುಬರೋದು ಏನ್ ಗೊತ್ತಾ? ಮನುಷ್ಯರ ಉಸಿರು. ಆಮೇಲೆ ಸ, ಶ. 'ಸಂತೋಷ' ಅಂದಿದ್ದು 'ಅಂತೋ' ಅಂತ ಕೇಳುತ್ತೆ."

ನಾಲ್ಕನೆಯ ಬೆರಳು ಮಡಚದೆ ಹಾಗೇ ನಿಂತಿದೆ. "ನಾಲ್ಕನೇದು ಚಾನೆಲ್. ಸ್ಟೀರಿಯೊನಾ, ಮೋನೊನಾ. ಅಂದ್ರೆ ಎಡ-ಬಲ ಬೇರೆಬೇರೆ ಇಡ್ತೀಯಾ, ಸೇರಿಸಿ ಒಂದು ಮಾಡ್ತೀಯಾ ಅಂತ."

ಆ ಬೆರಳಿನ ಹತ್ತಿರ ಆಮೇಲೆ ಬರೋಣ.

ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಫೈಲು ಅವರ ಕೈ ದಾಟುತ್ತವೆ. ಹಲ್ಲಿನ ಡಾಕ್ಟರರ ಸಲಹೆ, ಲಿಫ್ಟ್ ರಿಪೇರಿಯ ತರಬೇತಿ, ಮಾರಾಟಕ್ಕಿರುವ ಮನೆಗಳು, ಶಾಲೆಯ ಪಾಠಗಳು. ಪ್ರತಿಯೊಂದನ್ನೂ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಮೊದಲಲ್ಲಿ ಅರ್ಧ ನಿಮಿಷ, ನಡುವೆ ಅರ್ಧ ನಿಮಿಷ, ಕೊನೆಯಲ್ಲಿ ಅರ್ಧ ನಿಮಿಷ ಕೇಳಲೇಬೇಕು ಎಂಬುದು ಅವರೇ ಮಾಡಿಕೊಂಡ ಕಾನೂನು. ಹೊಸಬರು ತಪ್ಪಿಸಿದರೆ ಕೆಂಡಾಮಂಡಲವಾಗುತ್ತಾರೆ. ಹತ್ತೊಂಬತ್ತು ವರ್ಷಗಳ ಕೆಲಸದಲ್ಲಿ ಆ ಕಾನೂನನ್ನು ಅವರು ಮುರಿದಿರುವುದು ಒಂದೇ ಸಲ.

ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಮಧ್ಯಾಹ್ನ ಈ ಹನ್ನೊಂದು ಮೆಟ್ಟಿಲು ಇಳಿಯುತ್ತಿದ್ದಾಗ, ಯಾರು ಬರುತ್ತಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಒಂದು ದಿನ ಕರೆಂಟ್ ಬಿಲ್ಲಿನವನ ಧ್ವನಿ, ಇನ್ನೊಂದು ದಿನ ಮೂರನೇ ಮಹಡಿಯ ವಕೀಲರ ಕೆಮ್ಮು. ಅಂಗಡಿಯ ಯಜಮಾನಿ ಇದನ್ನು ಹೇಳುವಾಗ ಈಗಲೂ ಮುಖ ಅರಳುತ್ತದೆ. "ನನ್ನ ಥರಾನೇ 'ಏಯ್, ಎಷ್ಟು ಫೈಲಾಯ್ತು?' ಅಂತ ಮೆಟ್ಲು ಮೇಲಿಂದ ಕೂಗೋರು. ಒಳಗಿದ್ದ ನಾಲ್ಕೂ ಜನ ಎದ್ದು ನಿಂತ್ಕೊಳ್ಳೋರು. ಒಂದ್ಸಲ ನಾನೂ ನಿಂತ್ಕೊಂಡೆ ಕಣ್ರೀ!"

ಒಂದು ವರ್ಷದ ಹಿಂದೆ ಆಕೆಯ ಧ್ವನಿ ಒಡೆಯಿತು. ಎಲ್ಲರೂ ಹೊಸ ಮಿಮಿಕ್ರಿ ಅಂದುಕೊಂಡರು. ಮೂರು ತಿಂಗಳು ಹಾಗೆಯೇ ಅಂದುಕೊಂಡರು. ಗಂಟಲಿನಲ್ಲಿ ಗೆಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ದಾರಿಯಿರಲಿಲ್ಲ. ಮಾತಿನ ತರಬೇತಿ ಕೊಡುವ ಆಸ್ಪತ್ರೆಯ ಹೆಂಗಸು ಒಂದು ಉಪಾಯ ಹೇಳಿದರು. ಆಪರೇಶನ್ನಿಗೆ ಮುಂಚೆ ಧ್ವನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಫೋನಿನಲ್ಲಿ ಟೈಪ್ ಮಾಡಿದರೆ ಫೋನು ಇವರದೇ ಧ್ವನಿಯಲ್ಲಿ ಮಾತಾಡುತ್ತದೆ. ಒಂದು ನಿಮಿಷ ಇದ್ದರೂ ಸಾಕು, ಆದರೆ ಸ್ವಚ್ಛವಾಗಿರಬೇಕು.

"ಒಂದು ನಿಮಿಷ ಯಾಕೆ, ಒಂದು ಗಂಟೆ ಮಾಡ್ತೀನಿ ಅಂದೆ. ನನ್ನ ಕೆಲಸ ಅದೇ ಅಲ್ವಾ? ಆ ಹೆಮ್ಮೆ ಬೇರೆ."

ಆಪರೇಶನ್ನಿನ ಹಿಂದಿನ ದಿನ ಇದೇ ನೆಲಮಾಳಿಗೆಯಲ್ಲಿ ಆಕೆ ಐವತ್ತೆಂಟು ನಿಮಿಷ ಮಾತಾಡಿದರು. ಮೈಕು ಕಂಡರೆ ತಕ್ಷಣ ಬೇರೆ ಯಾರೋ ಆಗಿಬಿಡುವ ಹೆಂಗಸು, ಅವತ್ತು ಯಾರೂ ಆಗಲಿಲ್ಲ. ಒಡೆದಿದ್ದರೂ ತಮ್ಮದೇ ಧ್ವನಿಯಲ್ಲಿ ಔಷಧಿಯ ಬಾಟಲಿಯ ಮೇಲಿನ ಸೂಚನೆ ಓದಿದರು. ಗಂಡನ ಮೇಲಿನ ಹಳೆಯ ದೂರುಗಳನ್ನು ವರ್ಷದ ಪ್ರಕಾರ ಓದಿದರು. "ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳು ಅವಳಾಗಿ ಅಷ್ಟು ಹೊತ್ತು ಮಾತಾಡಿದ್ದು ಅದೊಂದೇ ಸಲ."

ಅವಸರದಲ್ಲಿ ಕೈಗೆ ಸಿಕ್ಕ ಒಂದು ಕೇಬಲ್ಲನ್ನು ಮೈಕಿನಿಂದ ಕ್ಯಾಮೆರಾಕ್ಕೆ ಸಿಕ್ಕಿಸಿದ್ದರು. ತುದಿ ಸರಿಯಾಗಿ ಕೂತಿತ್ತು, ಒಳಗಿನ ತಂತಿ ಮಾತ್ರ ಬೇರೆ ಕೆಲಸದ್ದು. ಅದು ಮಾಡಿದ ಕಿತಾಪತಿ ಇಷ್ಟೇ: ಎಡ ಚಾನೆಲ್ಲಿಗೆ ಆಕೆಯ ಧ್ವನಿ ಸರಿಯಾಗಿ ಹೋಯಿತು, ಬಲ ಚಾನೆಲ್ಲಿಗೆ ಅದೇ ಧ್ವನಿ ತಲೆಕೆಳಗಾಗಿ ಹೋಯಿತು. ಎಡಕ್ಕೆ ಕೂಡುವ ಒಂದಾದರೆ ಬಲಕ್ಕೆ ಕಳೆಯುವ ಒಂದು. ಎರಡು ಕಿವಿಗೆ ಬೇರೆಬೇರೆಯಾಗಿ ಕೇಳುವಾಗ ಏನೂ ಗೊತ್ತಾಗುವುದಿಲ್ಲ. ಎರಡನ್ನೂ ಸೇರಿಸಿದರೆ ಸೊನ್ನೆ.

ಅವರು ಸೇರಿಸಿದರು. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಫಾರ್ಮ್ಯಾಟು ಸರಿಯಾಗಿ ಆರಿಸಿದರು. ನಲವತ್ತೆಂಟು ಸಾವಿರ ಇಟ್ಟರು. ಇರುವುದರಲ್ಲೇ ದೊಡ್ಡ ಲಾರಿ ಕೊಟ್ಟರು. ನಾಲ್ಕನೆಯದರಲ್ಲಿ ಮೋನೊ ಒತ್ತಿದರು. "ಫೋನಿಗೆ ಇರೋದು ಒಂದೇ ಬಾಯಿ, ಒಬ್ಬಳ ಮಾತಿಗೆ ಎರಡು ಚಾನೆಲ್ ಯಾಕೆ ಅಂತ. ಪುಸ್ತಕದ ಪ್ರಕಾರ ಸರಿಯೇ."

ಆಮೇಲೆ ಮೊದಲು, ನಡು, ಕೊನೆ ಕೇಳಬೇಕಿತ್ತು. ಕೇಳಲಿಲ್ಲ.

"ಆಗ್ಲಿಲ್ಲ," ಅನ್ನುತ್ತಾರೆ. ಸ್ವಲ್ಪ ಹೊತ್ತು ಕಾಲುಚೀಲದ ತುಂಡಿನ ಹೊಲಿಗೆ ಸರಿಮಾಡುತ್ತಾರೆ. "ನಾಳೆ ಹೋಗೋ ಧ್ವನಿನ ಇವತ್ತು ಹೇಗೆ ಕೇಳೋದು? ಹೆಡ್‌ಫೋನ್ ಕಿವಿಗೆ ಇಟ್ಕೊಂಡೆ, ಪ್ಲೇ ಒತ್ತಕ್ಕೆ ಆಗ್ಲಿಲ್ಲ. ಫೈಲಿನ ಸೈಜು ನೋಡ್ದೆ, ಸರಿ ಇತ್ತು. ಎದ್ದೆ."

ಏಳುವ ಮುಂಚೆ, ಹತ್ತೊಂಬತ್ತು ವರ್ಷಗಳ ಕೈರೂಢಿಯಂತೆ, ಮರುದಿನದ ಶೂಟಿಂಗಿಗೆ ಬೇಕಾಗುತ್ತದೆಂದು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಒರೆಸಿ ಖಾಲಿ ಮಾಡಿದರು. ಎಡ-ಬಲ ಬೇರೆಬೇರೆಯಾಗಿದ್ದ ಮೂಲ ಇದ್ದದ್ದು ಅದೊಂದರಲ್ಲೇ. ಮರುದಿನ ಅದರ ಮೇಲೆ ಮೂರು ಗಂಟೆಯ ಹೊಸ ರೆಕಾರ್ಡಿಂಗ್ ಬಿತ್ತು. ನೆಲಕ್ಕೆ ಟೈಲ್ಸ್ ಕೂರಿಸುವುದು ಹೇಗೆ ಎಂಬ ವಿಡಿಯೊ. "ನನ್ನ ಹೆಂಡತಿ ಮಾತಿನ ಮೇಲೆ ಟೈಲ್ಸ್ ಹಾಕ್ಸಿಬಿಟ್ಟೆ. ಸಂದಿಗೆ ಸಿಮೆಂಟೂ ತುಂಬಿದಾರೆ, ನೀಟಾಗಿ." ನಗಿಸಲು ಹೇಳಿದ ಮಾತಲ್ಲ. ಕಾರ್ಡಿನಿಂದ ಹಳೆಯದನ್ನು ತೆಗೆಸಲು ಮೂರು ಅಂಗಡಿ ಅಲೆದರು. ಮೂರೂ ಕಡೆ ಸಿಕ್ಕಿದ್ದು ಟೈಲ್ಸೇ.

ಗೊತ್ತಾದದ್ದು ಆಪರೇಶನ್ನಿನ ಒಂಬತ್ತನೆಯ ದಿನ, ವಾರ್ಡಿನಲ್ಲಿ. ತರಬೇತಿಯ ಹೆಂಗಸು ಬಂದು "ಎಲ್ಲಿ, ಕೇಳ್ಸಿ ನೋಡೋಣ" ಅಂದರು. ಫೋನಿನಿಂದ ಬಂದದ್ದು ಗುಂಯ್ ಎಂಬ ಕರೆಂಟಿನ ಸದ್ದು. ಕೇಬಲ್ಲಿನಲ್ಲಿ ಹರಿದ ಕರೆಂಟಿನ ಗುಂಯ್ ಎರಡೂ ಚಾನೆಲ್ಲಿಗೆ ಒಂದೇ ಥರ ಹೋಗಿತ್ತು, ಹಾಗಾಗಿ ಅದೊಂದೇ ಉಳಿದಿತ್ತು. ಐವತ್ತೆಂಟು ನಿಮಿಷ ಗುಂಯ್. ಕಿವಿಯಣ್ಣ ಸ್ಪೀಕರ್ ಒರೆಸಿದರು, ಫೋನನ್ನು ತೊಡೆಗೆ ತಟ್ಟಿದರು, ನಡುವಿಗೆ ಹೋಗಿ ಕೇಳಿದರು, ಕೊನೆಗೆ ಹೋಗಿ ಕೇಳಿದರು. ಹಾಸಿಗೆಯ ಮೇಲೆ ಕೊರಳಿಗೆ ಬಿಳಿ ಬಟ್ಟೆ ಸುತ್ತಿದ್ದ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದರು. ಸ್ಲೇಟು ಎತ್ತಿಕೊಂಡು ಬರೆದರು: "ಮೋನೊ ಒತ್ತಿದ್ರಾ? ಮೌನ ಬಂತು ಬಿಡಿ."

"ಅವಳಿಗೆ ತಮಾಷೆ. ನಾನು ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ನಿಂತ್ಕೊಂಡೆ."

ಅಂದಿನಿಂದ ಹುಡುಕಾಟ. ಮೊದಲು ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಮನೆಯ ವಿಡಿಯೊಗಳಿಲ್ಲವೇ? ಇವೆ. ಅರವತ್ತಕ್ಕೂ ಹೆಚ್ಚಿವೆ. ಎಲ್ಲಕ್ಕೂ ಕಿವಿಯಣ್ಣನೇ ಸಂಗೀತ ಸೇರಿಸಿ, ಒಳಗಿನ ಸದ್ದನ್ನು ಪೂರ್ತಿ ತೆಗೆದಿದ್ದಾರೆ. "ನೀಟಾಗಿರ್ಲಿ ಅಂತ. ಅವಳು ಕಡಲ ತೀರದಲ್ಲಿ ನಿಂತು ಎರಡು ನಿಮಿಷ ಏನೋ ಹೇಳ್ತಾಳೆ. ಮೇಲೆ ಕೊಳಲು." ಫೋನಿನಲ್ಲಿ ಮಾತು ಕಳಿಸುವ ಅಭ್ಯಾಸ ಆಕೆಗಿರಲಿಲ್ಲ. ಕಳಿಸಿದ ಮೂರೋ ನಾಲ್ಕೋ ಇವೆ, ಅವೆಲ್ಲ ವಕೀಲರ ಕೆಮ್ಮು.

ಹಾಗಾಗಿ ಅಂಗಡಿಯ ಡಿಸ್ಕುಗಳು. ಹಲ್ಲಿನ ಡಾಕ್ಟರರು ಒಸಡಿನ ಬಗ್ಗೆ ಹೇಳುವಾಗ ಹಿಂದೆಲ್ಲೋ ಬಾಗಿಲಾಚೆ ಆಕೆಯ ಧ್ವನಿ: "ಡಬ್ಬಿ ಇಲ್ಲಿಟ್ಟಿದೀನಿ, ತಣ್ಣಗಾಗುತ್ತೆ." ಎರಡೂವರೆ ಸೆಕೆಂಡು. ಲಿಫ್ಟಿನ ವಿಡಿಯೊದಲ್ಲಿ: "ಕೊಡೆ ಯಾರು ತಗೊಂಡ್ರು?" ಒಂದೂಮುಕ್ಕಾಲು. ಇಂಥವು ಒಂಬತ್ತು ತುಣುಕು ಸೇರಿ ಇಪ್ಪತ್ತಮೂರು. ಹೆಚ್ಚು ಸಿಗಬೇಕಿತ್ತು. ಆದರೆ ರೆಕಾರ್ಡಿಂಗಿನಲ್ಲಿ ಬೇರೆಯವರ ಮಾತು ಬಿದ್ದರೆ ಒರೆಸುವುದೇ ಕಿವಿಯಣ್ಣನ ಕೆಲಸವಾಗಿತ್ತು. ಚೆನ್ನಾಗಿಯೇ ಮಾಡಿದ್ದಾರೆ. ಒರೆಸದ ಕಡೆ, ಆಕೆ ಬಾಯಿ ತೆರೆದ ಕೂಡಲೇ ಮೈಕಿನ ಹತ್ತಿರದಿಂದ "ಷ್!" ಎಂಬ ಸದ್ದು. ಅದು ಇವರದೇ. ಒಂದು ಚೀಟಿಯಲ್ಲಿ ಎಣಿಕೆ ಬರೆದಿಟ್ಟಿದ್ದಾರೆ: ಅವಳು ಒಂಬತ್ತು, ಷ್ ಮೂವತ್ತೊಂದು.

ಅವರ ಮನೆ ಅಂಗಡಿಯಿಂದ ಎರಡು ಬೀದಿ ಆಚೆ, ಎರಡನೇ ಮಹಡಿಯಲ್ಲಿ ಎರಡು ರೂಮು. ನಾನು ಹೋದಾಗ ಅವರ ಹೆಂಡತಿ ಬಾಗಿಲು ತೆರೆದು, ನನ್ನ ಹಾಗೆಯೇ ತಲೆ ಒಂದು ಪಕ್ಕಕ್ಕೆ ವಾಲಿಸಿ, ನನ್ನ ಹಾಗೆಯೇ ಕನ್ನಡಕ ಮೇಲೆ ತಳ್ಳಿದರು. ಬಂದು ನಾಲ್ಕು ಸೆಕೆಂಡಾಗಿರಲಿಲ್ಲ! ಧ್ವನಿ ಹೋದ ಮೇಲೆ ಆಕೆ ಕೈಬರಹದಲ್ಲಿ ಮಿಮಿಕ್ರಿ ಮಾಡುತ್ತಾರೆ. ಯಜಮಾನಿಯ ಮಾತನ್ನು ಯಜಮಾನಿಯ ಉದ್ದುದ್ದ ಅಕ್ಷರದಲ್ಲಿ, ಡಾಕ್ಟರರದನ್ನು ಯಾರಿಗೂ ತಿಳಿಯದ ಗೀಚಿನಲ್ಲಿ ಬರೆಯುತ್ತಾರೆ. ಗಂಡನನ್ನು ಒಳಗಿನ ರೂಮಿನಿಂದ ಕರೆಯಲು ತಟ್ಟೆಗೆ ಚಮಚದಲ್ಲಿ ಮೂರು ಸಲ ಬಡಿಯುತ್ತಾರೆ.

ಫೋನಿನಲ್ಲಿ ಮೊದಲೇ ಇದ್ದ ಒಂದು ಧ್ವನಿಯನ್ನು ಆಕೆ ಒಂದು ದಿನ ಬಳಸಿ ನೋಡಿದರಂತೆ. ಹವಾಮಾನ ವರದಿ ಓದುವಂಥ ಧ್ವನಿ. ಸಂಜೆಯ ಹೊತ್ತಿಗೆ ಸ್ಲೇಟಿನ ಮೇಲೆ ಬರೆದರು: "ಈ ಹೆಂಗಸು ಯಾರು? ನಮ್ಮನೇಲಿ ಯಾಕಿದಾಳೆ?" ಮತ್ತೆ ಅದನ್ನು ಮುಟ್ಟಲಿಲ್ಲ.

"ನನಗೆ ದೊಡ್ಡ ಆಸೆ ಏನಿಲ್ಲ," ಅನ್ನುತ್ತಾರೆ ಕಿವಿಯಣ್ಣ. "ಆ ರೂಮಿಂದ 'ರೀ' ಅನ್ನಬೇಕು. ನಾನು 'ಬಂದೆ' ಅಂತ ಹೇಳಿ ಹೋಗ್ದೆ ಕೂತ್ಕೋಬೇಕು. ಅವಳು ಎರಡನೇ ಸಲ ಸಿಟ್ಟಿಂದ ಕರೀಬೇಕು. ಚಮಚಕ್ಕೆ ಸಿಟ್ಟು ಬರಲ್ಲ, ಸರ್."

ಹೆಂಡತಿ ತಟ್ಟೆ ಚಮಚ ತಂದು, ಹಲ್ಲು ಕಚ್ಚಿ, ಸಿಟ್ಟು ಹೇಗಿರುತ್ತದೆಂದು ಬಡಿದು ತೋರಿಸಿದರು. ಪಕ್ಕದ ಮನೆಯ ಬಾಗಿಲು ತೆರೆದುಕೊಂಡಿತು.

ಸಮಯವೂ ಹೆಚ್ಚಿಲ್ಲ. ಈಗ ಜನ ತಮ್ಮ ವಿಡಿಯೊವನ್ನು ಬಸ್ಸಿನಲ್ಲಿ ಕೂತು ಫೋನಿನಲ್ಲೇ ಕತ್ತರಿಸಿ, ಒಂದೇ ಗುಂಡಿ ಒತ್ತಿ ಕಳಿಸುತ್ತಾರೆ. ನಾಲ್ಕು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತದೆ. ಡಿಸ್ಕುಗಳನ್ನು ಒರೆಸಿ ಮಾರುತ್ತಾರೆ. ಯಜಮಾನಿ ಷಟರಿನ ಕೀಲಿ ಕಿವಿಯಣ್ಣನ ಕೈಗೇ ಕೊಟ್ಟು, "ಮುಗಿಯೋವರೆಗೂ ಕೇಳಿ ಅಣ್ಣ, ಒರೆಸೋದನ್ನ ಕೊನೇ ದಿನಕ್ಕೆ ಇಟ್ಕೊಳ್ತೀನಿ" ಅಂದಿದ್ದಾರೆ. ಅದಕ್ಕಿಂತ ಹೆಚ್ಚು ಆಕೆಯ ಕೈಲೂ ಆಗದು.

ಈ ಬೆಳಗ್ಗೆ ಅವರು ಸಿಕ್ಕಿಸಿರುವುದು ಹದಿನಾಲ್ಕನೆಯದು. ಕೊನೆಯದು. ಅದರಲ್ಲಿ ಮೊನ್ನೆ ಗುರುವಾರ "ಮೈಕ್ ಟೆಸ್ಟ್" ಎಂಬ ಒಂದು ಫೈಲು ಸಿಕ್ಕಿದೆ. ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ, ನಾಲ್ಕು ವರ್ಷದ ಹಿಂದಿನದು. ಹೊಸ ಮೈಕು ಬಂದಿತ್ತು. ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿದ್ದಾಗ ಫೋನು ಬಂದಿತ್ತು, ಕೈ ಬಿಡುವಿಲ್ಲದೆ ಸ್ಪೀಕರಿಗೆ ಹಾಕಿದ್ದರು. ನನಗೂ ಕೇಳಲೆಂದು ಈಗ ಹೆಡ್‌ಫೋನ್ ಕಿತ್ತು ಪ್ಲೇ ಒತ್ತುತ್ತಾರೆ.

ಫೋನಿನಿಂದ ಒಬ್ಬ ಹೆಡ್‌ಮಿಸ್ಟ್ರೆಸ್ ಧ್ವನಿ, ಮೂಗಿನಿಂದ ಬರುವಂಥದ್ದು, ಪ್ರತಿ ಮಾತಿನ ಕೆಳಗೂ ಕೆಂಪು ಗೆರೆ ಎಳೆದ ಹಾಗೆ. "ಪಾಠದ ವಿಡಿಯೊ ನೋಡ್ದೆ. ನನ್ನ ಧ್ವನಿ ಯಾಕೆ ಗಂಡಸಿನ ಥರ ಇದೆ?"

"ಮೇಡಂ, ಸ್ಯಾಂಪಲ್ ರೇಟ್ ತಪ್ಪಿರ್ಬೇಕು ಮೇಡಂ. ನಲವತ್ತೆಂಟು ಸಾವಿರ ಇದ್ದಿದ್ದು ನಲವತ್ನಾಲ್ಕು..."

"ನನಗೆ ಲೆಕ್ಕ ಹೇಳ್ಕೊಡ್ತೀಯಾ? ಮೂವತ್ತು ವರ್ಷ ಲೆಕ್ಕ ಕಲಿಸಿದೀನಿ ನಾನು!"

"ತಪ್ಪಾಯ್ತು ಮೇಡಂ."

"ನಿಂತ್ಕೊಂಡು ಹೇಳು."

ಕುರ್ಚಿ ಕಿರ್ ಎಂದು ಹಿಂದೆ ಸರಿಯುವ ಸದ್ದು. ನಿಂತಿದ್ದಾರೆ. ಹೀಗೆ ನಾಲ್ಕು ನಿಮಿಷ ನಡೆಯುತ್ತದೆ. ಕೊನೆಗೆ ಹೆಡ್‌ಮಿಸ್ಟ್ರೆಸ್, "ಹೆಂಗಸಿನ ಧ್ವನಿ ಹೇಗಿರುತ್ತೆ ಅಂತ ನೀನೇ ಮಾಡಿ ತೋರಿಸು. 'ಮಕ್ಕಳೇ, ಪುಸ್ತಕ ತೆಗೀರಿ' ಅನ್ನು" ಎಂದು ಅಪ್ಪಣೆ ಕೊಡುತ್ತಾರೆ. ಐವತ್ತರ ಗಂಡಸೊಬ್ಬರು ಗಂಟಲು ಸರಿಮಾಡಿಕೊಂಡು, ಕೀರಲು ಧ್ವನಿಯಲ್ಲಿ, "ಮಕ್ಕಳೇ..." ಅನ್ನುತ್ತಾರೆ.

ಆಗ ಫೋನಿನಲ್ಲಿ ಬೇರೆಯೇ ಒಂದು ಧ್ವನಿ. ಮೆತ್ತಗೆ, ಸ್ವಲ್ಪ ದಪ್ಪ, ನಗು ತಡೆದುಕೊಂಡದ್ದು. "ರೀ, ಕೂತ್ಕೊಳ್ಳಿ ರೀ. ನಾನು."

ಎರಡು ಸೆಕೆಂಡು. ಸ್ವಚ್ಛವಾಗಿದೆ. ಇಪ್ಪತ್ತಮೂರು ಈಗ ಇಪ್ಪತ್ತೈದಾಗಿದೆ.

ಮೊದಲ ನಾಲ್ಕು ನಿಮಿಷವನ್ನು ಫೋನಿಗೆ ಕೊಟ್ಟು ನೋಡಿದಿರಾ ಎಂದು ಕೇಳಿದೆ. ಗುರುವಾರವೇ ಕೊಟ್ಟರಂತೆ. ಹೆಂಡತಿ "ಊಟಕ್ಕೆ ಬನ್ನಿ" ಎಂದು ಟೈಪ್ ಮಾಡಿದರು. ಫೋನು ಹೆಡ್‌ಮಿಸ್ಟ್ರೆಸ್ ಆಗಿ ಗದರಿತು. ಆಕೆ ಭುಜ ಕುಲುಕಿಸಿ ಬಹಳ ಹೊತ್ತು ಸದ್ದಿಲ್ಲದೆ ನಕ್ಕು, ಆಮೇಲೆ ತಮ್ಮದೇ ಅಕ್ಷರದಲ್ಲಿ ಬರೆದರು: "ಇದು ಬೇಡ. ಸಾಯೋವರೆಗೂ ನಿಂತ್ಕೊಂಡೇ ಊಟ ಮಾಡ್ತೀರಿ."

ಇನ್ನು ಬೇಕಾದದ್ದು ಮೂವತ್ತೈದು ಸೆಕೆಂಡು. ಫೈಲಿನಲ್ಲಿ ಉಳಿದಿರುವುದು ನಲವತ್ತೊಂದು. ಅಷ್ಟೂ ಹೊತ್ತು ಆಕೆ ತಮ್ಮ ಧ್ವನಿಯಲ್ಲೇ ಏನೋ ಹೇಳುತ್ತಿದ್ದಾರೆ. ಉದ್ದುದ್ದ ವಾಕ್ಯಗಳು, ಯಾರ ಅನುಕರಣೆಯೂ ಅಲ್ಲ. ಏನೆಂದು ಆಕೆಗೆ ನೆನಪಿಲ್ಲ. ಕಿವಿಯಣ್ಣನಿಗೆ "ಸಂಜೆ" ಎಂಬ ಒಂದು ಪದ ಕೇಳಿಸಿದ ಹಾಗಾಗುತ್ತದೆ, ಮರುಸಲ ಕೇಳಿದರೆ ಆಗುವುದಿಲ್ಲ. ಗೆಳೆಯರು ಹೇಳಿದ ತಂತ್ರಾಂಶಗಳನ್ನೆಲ್ಲ ಹಾಕಿ ನೋಡಿದ್ದಾರೆ. ಹತ್ತಿರದ ಜೋರು ಸದ್ದೇ ಮುಖ್ಯ ಮಾತು ಎಂದು ತಿಳಿದ ಯಂತ್ರ, ಹಿಂದಿನ ಆಕೆಯನ್ನು ಗದ್ದಲವೆಂದು ತೆಗೆದುಹಾಕಿತು. ಉಲ್ಟಾ ಮಾಡಿದರೆ ಇಬ್ಬರೂ ಹೋದರು.

"ಒಂದೇ ಟ್ರ್ಯಾಕು, ಸರ್. ಬಿಡಿಸೋಕಾಗಲ್ಲ."

ಪರದೆಯ ಮೇಲಿನ ಮೀಟರು ಕೆಂಪಿಗೆ ಹೋಗಿ ಅಲ್ಲೇ ನಿಂತಿದೆ. ಮೈಕಿನಿಂದ ಒಂದು ಗೇಣು ದೂರದಲ್ಲಿ ಮೇಜು ಗುದ್ದುತ್ತಾ, ಉಸಿರು ಸಿಗದೆ, ಮತ್ತೆ ಎಳೆದುಕೊಂಡು ನಗುತ್ತಿದ್ದಾರೆ, ನಾಲ್ಕು ವರ್ಷದ ಹಿಂದಿನ ಕಿವಿಯಣ್ಣ. ಕುರ್ಚಿಯಲ್ಲಿ ಕೂತ ಇಂದಿನವರು ಪರದೆಯ ಕಡೆ ಬಾಗಿ ಮೆಲ್ಲಗೆ, "ಸಾಕು, ನಿಲ್ಸೋ. ಸ್ವಲ್ಪ ನಿಲ್ಸೋ" ಅನ್ನುತ್ತಾರೆ.

ಅವನು ನಿಲ್ಲಿಸುವುದಿಲ್ಲ. ಕೆಳಗೆಲ್ಲೋ ಆಕೆ ಮಾತಾಡುತ್ತಲೇ ಇದ್ದಾರೆ, ಅದರ ಮೇಲೆ ನಲವತ್ತೊಂದು ಸೆಕೆಂಡೂ ಅವನು ನಗುತ್ತಾನೆ, ಎಲ್ಲರಿಗಿಂತ ಜೋರಾಗಿ.